ಕುಡಿಯುವವನದು ಪಾಪ, ಕುಡಿಸುವವರದು ಪುಣ್ಯವೇ?

2020ರ ಮೇ 4ರ ಸೋಮವಾರವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತ್ತು. ಕೆ.ಆರ್. ಮಾರುಕಟ್ಟೆ ಮುಚ್ಚಿತ್ತು, ಕಲಾಸಿಪಾಳ್ಯದ ತರಕಾರಿ ಮಂಡಿಗಳು ಮುಚ್ಚಿದ್ದವು, ಬಸ್ಸುಗಳು ನಿಂತಲ್ಲೇ ನಿಂತಿದ್ದವು. ನಮ್ಮ ದೇವಾಲಯಗಳ ಬಾಗಿಲೂ ಮುಚ್ಚಿತ್ತು. ಆ ವರ್ಷದ ಪಾಸ್ಖ ಹಬ್ಬದ ಬಲಿಪೂಜೆಯನ್ನು ನಾವು ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ, ಟಿ.ವಿ.ಯಲ್ಲಿ ನೋಡಿದೆವು. ಅಂಥ ಕಾಲದಲ್ಲಿ, ಮೇ 4ರಂದು, ಕರ್ನಾಟಕದಲ್ಲಿ ಮದ್ಯದಂಗಡಿಗಳು ತೆರೆದವು. ಮೊದಲ ದಿನ ಸುಮಾರು 45 ಕೋಟಿ ರೂಪಾಯಿ, ಎರಡನೆಯ ದಿನ 197 ಕೋಟಿ ರೂಪಾಯಿ ವಹಿವಾಟು ನಡೆಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಪೂಜಾಸ್ಥಳಗಳನ್ನು ತೆರೆಯಲು ಅನುಮತಿ ದೊರೆತದ್ದು ಜೂನ್ 8ಕ್ಕೆ. ಕೆ.ಆರ್. ಮಾರುಕಟ್ಟೆ ಮತ್ತು ಕಲಾಸಿಪಾಳ್ಯದ ಮಾರುಕಟ್ಟೆಗಳು ಮತ್ತೆ ಬಾಗಿಲು ತೆರೆದದ್ದು ಸೆಪ್ಟೆಂಬರಿನಲ್ಲಿ. ಲೆಕ್ಕ ಹಾಕಿ ನೋಡಿ: ಮೂಟೆ ಹೊರುವವನಿಗೆ ಕೂಲಿ ಕೊಡುವ ಜಾಗಕ್ಕಿಂತ ಸುಮಾರು ನಾಲ್ಕು ತಿಂಗಳು ಮೊದಲೇ, ಅವನ ಕೂಲಿಯನ್ನು ಕಿತ್ತುಕೊಳ್ಳುವ ಜಾಗ ತೆರೆದಿತ್ತು!

ಆ ದಿನ ಅಂಗಡಿಗಳ ಮುಂದೆ ನಿಂತ ಉದ್ದುದ್ದ ಸಾಲುಗಳ ಚಿತ್ರಗಳನ್ನು ನೀವೂ ನೋಡಿದ್ದೀರಿ. ಬಹಳಷ್ಟು ಜನ ಅವನ್ನು ನೋಡಿ ನಕ್ಕರು. ಮೊಬೈಲಿನಿಂದ ಮೊಬೈಲಿಗೆ ಕಳುಹಿಸಿದರು. “ಇವರಿಗೆ ಹೊಟ್ಟೆಗೆ ಹಿಟ್ಟಿಲ್ಲ, ಕುಡಿಯಲು ಮಾತ್ರ ದುಡ್ಡಿದೆ, ಇಂಥವರಿಗೆ ರೇಷನ್ ಕಿಟ್ ಏಕೆ ಹಂಚಬೇಕು?” ಎಂದು ಕೇಳಿದವರಲ್ಲಿ ಭಾನುವಾರ ತಪ್ಪದೆ ದೇವಾಲಯಕ್ಕೆ ಬರುವವರೂ ಇದ್ದರು. ನಾನು ಈ ಲೇಖನವನ್ನು ಬರೆಯುತ್ತಿರುವುದು ಆ ನಗೆಯ ವಿರುದ್ಧ. ಕುಡಿತವನ್ನು ಸಮರ್ಥಿಸಲು ಖಂಡಿತ ಅಲ್ಲ. ಕುಡಿತವು ಎಷ್ಟು ಮನೆಗಳ ದೀಪ ಆರಿಸಿದೆ ಎಂಬುದನ್ನು ಒಬ್ಬ ಗುರುವಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಆದರೆ ಒಬ್ಬ ಮನುಷ್ಯ ಬಿದ್ದಾಗ ಅವನು ಬಿದ್ದುದನ್ನಷ್ಟೇ ನೋಡಿ, ಅವನ ಕಾಲ ಕೆಳಗಿನ ನೆಲವನ್ನು ಅಗೆದವರು ಯಾರು ಎಂದು ಕೇಳದೆ ಹೋಗುವುದು ಕ್ರೈಸ್ತ ನ್ಯಾಯವಲ್ಲ.

ಕಲಾಸಿಪಾಳ್ಯವನ್ನೇ ತೆಗೆದುಕೊಳ್ಳಿ. ಖಲಾಸಿ ಎಂದರೆ ದಂಡಿನಲ್ಲಿ, ಹಡಗಿನಲ್ಲಿ ಡೇರೆ ಹೊಡೆಯುವ, ಸಾಮಾನು ಹೊರುವ, ಭಾರ ಎಳೆಯುವ ಕೂಲಿಯಾಳು. ಅಂಥವರ ನೆನಪನ್ನು ಹೆಸರಿನಲ್ಲಿಯೇ ಹೊತ್ತಿರುವ ಈ ಬಡಾವಣೆ ಇಂದಿಗೂ ಹೊರುವವರದ್ದೇ. ಇಲ್ಲಿ ಲಾರಿ ಸಾಗಾಣಿಕೆಯ ಕಚೇರಿಗಳಿವೆ, ಗೋದಾಮುಗಳಿವೆ, ಖಾಸಗಿ ಬಸ್ಸುಗಳ ನಿಲುಗಡೆಯಿದೆ, 2023ರಲ್ಲಿ ಉದ್ಘಾಟನೆಯಾದ ಹೊಸ ಬಸ್ ನಿಲ್ದಾಣವಿದೆ. ಊರು ಮಲಗಿದ ಮೇಲೆ ಇಲ್ಲಿಯ ಕೆಲಸ ಏಳುತ್ತದೆ. ರಾತ್ರಿ ಬಂದ ಲಾರಿ ಬೆಳಗಾಗುವುದರೊಳಗೆ ಖಾಲಿಯಾಗಬೇಕು. ಮೂಟೆಗೆ ಇಷ್ಟು ಎಂದು ಕೂಲಿ. ಮೂಟೆ ಇಲ್ಲದ ದಿನ ಕೂಲಿಯೂ ಇಲ್ಲ. ರಜೆಯಿಲ್ಲ, ಪಿಂಚಣಿಯಿಲ್ಲ, ಬೆನ್ನು ಮುರಿದರೆ ಕೇಳುವವರಿಲ್ಲ. ಬರ ಬಿದ್ದ ಊರುಗಳಿಂದ ಬಂದವರಲ್ಲಿ ಅನೇಕರಿಗೆ ಹೆಂಡತಿ ಮಕ್ಕಳು ಊರಿನಲ್ಲಿ, ಮಲಗುವ ಜಾಗ ಗೋದಾಮಿನ ಜಗಲಿಯಲ್ಲಿ. ಇಂಥ ಬದುಕಿನಲ್ಲಿ ಸಾಯಂಕಾಲದ ಒಂದು ಕ್ವಾರ್ಟರ್ ನೋವಿನ ಮಾತ್ರೆಯಾಗುತ್ತದೆ, ನಿದ್ದೆಯ ಗುಳಿಗೆಯಾಗುತ್ತದೆ, ಜೊತೆಗಾರನೂ ಆಗುತ್ತದೆ. ನೋವಿಗೆಂದು ತೊಡಗಿದ್ದು ಕ್ರಮೇಣ ತಾನೇ ನೋವಾಗುತ್ತದೆ. ಇದು ತಪ್ಪೇ? ತಪ್ಪೇ. ಆದರೆ ವೈದ್ಯನು ರೋಗಿಯನ್ನು ಬೈಯುವ ಮುನ್ನ ರೋಗದ ಮೂಲವನ್ನು ಹುಡುಕುತ್ತಾನೆ, ಅಲ್ಲವೇ?

ಬದುಕಿನ ಆಧಾರಸ್ತಂಭಗಳು ಅಲುಗಾಡಿದಾಗಲೆಲ್ಲ ಜನಸಮುದಾಯಗಳು ಸೀಸೆಯತ್ತ ವಾಲಿರುವುದಕ್ಕೆ ಚರಿತ್ರೆಯೇ ಸಾಕ್ಷಿ. ಹದಿನೆಂಟನೆಯ ಶತಮಾನದ ಮೊದಲರ್ಧದ ಲಂಡನ್ ನಗರವನ್ನು ನೋಡಿ. ಹಳ್ಳಿಗಳನ್ನು ಬಿಟ್ಟು ಬಂದ ಬಡವರು ಕೊಳಕು ಓಣಿಗಳಲ್ಲಿ ಕಿಕ್ಕಿರಿದಿದ್ದರು. ಅದಕ್ಕೂ ಮುನ್ನ 1690ರಲ್ಲಿ ಅಲ್ಲಿನ ಸಂಸತ್ತು ಧಾನ್ಯದಿಂದ ಮದ್ಯ ಬಟ್ಟಿಯಿಳಿಸುವುದಕ್ಕೆ ಪ್ರೋತ್ಸಾಹ ನೀಡಿತ್ತು. ಜಮೀನುದಾರರ ಧಾನ್ಯಕ್ಕೆ ಬೆಲೆ ಬಂತು, ಬೊಕ್ಕಸಕ್ಕೆ ಸುಂಕ ಬಂತು. ಅಗ್ಗದ ಜಿನ್ ಲಂಡನ್ನಿನ ಬಡಕುಟುಂಬಗಳನ್ನು ನುಂಗಿತು. 1751ರಲ್ಲಿ ವಿಲಿಯಂ ಹೋಗಾರ್ಥ್ ಎಂಬ ಕಲಾವಿದ ಕುಡಿದ ಅಮಲಿನಲ್ಲಿ ತಾಯಿಯೊಬ್ಬಳ ಕೈಯಿಂದ ಮಗು ಜಾರಿ ಬೀಳುವ ಚಿತ್ರವನ್ನು ಕೆತ್ತಿದ. ಅದೇ ವರ್ಷ ಕಾನೂನು ಬಿಗಿಯಾಯಿತು. ಮೊದಲು ಕುಡಿಸಿ ಲಾಭ ಪಡೆದವರೇ ಕೊನೆಗೆ ಕುಡಿದವರನ್ನು ಕಂಡು ಬೆಚ್ಚಿಬಿದ್ದರು!

ನಮ್ಮ ಕಾಲಕ್ಕೇ ಬರೋಣ. ರಷ್ಯದಲ್ಲಿ 1985ರಲ್ಲಿ ಗೋರ್ಬಚೆವ್ ಅವರು ಮದ್ಯದ ವಿರುದ್ಧ ಅಭಿಯಾನ ಆರಂಭಿಸಿದಾಗ ಗಂಡಸರ ಸರಾಸರಿ ಆಯುಸ್ಸು ಏರಿ, 1987ರ ಹೊತ್ತಿಗೆ 65 ವರ್ಷದ ಸಮೀಪಕ್ಕೆ ಬಂದಿತ್ತು. ಆಮೇಲೆ ಅಭಿಯಾನ ಸಡಿಲವಾಯಿತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆಯಿತು. ಕಾರ್ಖಾನೆಗಳು ಮುಚ್ಚಿದವು, ಉಳಿತಾಯದ ಹಣ ಕರಗಿತು, ನಾಳೆ ಏನು ಎಂಬುದು ಯಾರಿಗೂ ತಿಳಿಯದಾಯಿತು. ವೋಡ್ಕಾ ಮಾತ್ರ ಸುಲಭವಾಗಿ ಸಿಗುತ್ತಿತ್ತು. 1994ರಲ್ಲಿ ಗಂಡಸರ ಸರಾಸರಿ ಆಯುಸ್ಸು 58ಕ್ಕಿಂತ ಕೆಳಗಿಳಿಯಿತು. ಯುದ್ಧವಿಲ್ಲದೆ, ಕ್ಷಾಮವಿಲ್ಲದೆ ಏಳು ವರ್ಷಗಳಲ್ಲಿ ಇಷ್ಟು ಆಯುಸ್ಸು ಕಳೆದುಹೋಯಿತು. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮದ್ಯದ ಪಾಲು ದೊಡ್ಡದೆಂದು ಸಂಶೋಧಕರು ತೋರಿಸಿದ್ದಾರೆ. ಆ ರಷ್ಯನ್ನರೆಲ್ಲ ಏಳೇ ವರ್ಷಗಳಲ್ಲಿ ಇದ್ದಕ್ಕಿದ್ದಂತೆ ದುಷ್ಟರಾದರೇ? ಇಲ್ಲ. ಅವರ ಲೋಕ ಕುಸಿಯಿತು, ಆ ಕುಸಿತಕ್ಕೆ ಕೈಗೆ ಸಿಕ್ಕಿದ ಊರುಗೋಲು ಸೀಸೆ.

ನಮ್ಮ ಬೆಂಗಳೂರಿನ ಕಥೆ ಬೇರೆಯೇ? ಬಿನ್ನಿ ಮಿಲ್ಲಿನ ಸೈರನ್ ಕೇಳಿ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದ ಓಣಿಗಳಿದ್ದವು. ಆ ಗಿರಣಿಯ ಜಾಗದಲ್ಲಿ ಇಂದು ಎತ್ತರದ ವಸತಿ ಕಟ್ಟಡಗಳಿವೆ. ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಾಲ್ ಇದೆ. ತಿಂಗಳ ಸಂಬಳ, ಬೋನಸ್ಸು, ಕಾರ್ಮಿಕ ಸಂಘ, ನೆರೆಹೊರೆ ಇವೆಲ್ಲ ಇದ್ದ ಬದುಕೊಂದು ಕಣ್ಣೆದುರೇ ಕರಗಿತು. ಅದರ ಸ್ಥಾನಕ್ಕೆ ದಿನಗೂಲಿ ಬಂತು, ಗುತ್ತಿಗೆ ಬಂತು. ನಗರ ಶ್ರೀಮಂತವಾಯಿತು ನಿಜ. ಆದರೆ ಗಿರಣಿಯ ಕಾರ್ಮಿಕನ ಮಗ ಎಲ್ಲಿಗೆ ಹೋದ ಎಂದು ಯಾರು ಕೇಳಿದರು?

ಹಿಂದಿನ ಮೈಸೂರು ರಾಜ್ಯದಲ್ಲಿ 1948ರಿಂದ ಹಂತ ಹಂತವಾಗಿ ಬಂದಿದ್ದ ಪಾನನಿರೋಧವನ್ನು 1967ರಲ್ಲಿ ತೆಗೆದುಹಾಕಲಾಯಿತು. ಸಾರಾಯಿ ಹರಾಜು, ಗುತ್ತಿಗೆದಾರರು, ಮೂಲೆಮೂಲೆಯಲ್ಲಿ ಸಾರಾಯಿ ಅಂಗಡಿ: ಇದು ಮುಂದಿನ ನಾಲ್ಕು ದಶಕಗಳ ಕಥೆ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೋಹಾಲ್ ಬೆರೆತ ವಿಷಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಬಹುಪಾಲು ಕೂಲಿಯವರು, ಕೊಳೆಗೇರಿಗಳ ಬಡವರು. 2007ರ ಜುಲೈ 1ರಿಂದ ಎಚ್.ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ಅನೇಕ ತಾಯಂದಿರು ಅಂದು ನಿಟ್ಟುಸಿರು ಬಿಟ್ಟರು. ಆದರೆ ಸಾರಾಯಿಯಷ್ಟೇ ಹೋಯಿತು. ಸಾರಾಯಿಯನ್ನು ಬೇಡುವ ಬದುಕು ಹಾಗೆಯೇ ಉಳಿಯಿತು. ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, ಅದಕ್ಕೂ ದುಡ್ಡಿಲ್ಲದವನ ಬಳಿಗೆ ಕಳ್ಳಭಟ್ಟಿಯವನು ಬಂದ. ವರ್ಷ ತುಂಬುವ ಮುಂಚೆಯೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ಗಡಿಯಾಚೆಯ ಕೃಷ್ಣಗಿರಿ ಪ್ರದೇಶಗಳಲ್ಲಿ ವಿಷಮದ್ಯಕ್ಕೆ 150ಕ್ಕೂ ಹೆಚ್ಚು ಜನ ಬಲಿಯಾದರು.

ಈಗ ಸರ್ಕಾರದ ಲೆಕ್ಕಕ್ಕೆ ಬರೋಣ. ಯಾವ ಪಕ್ಷದ ಸರ್ಕಾರವೆಂದು ದಯವಿಟ್ಟು ಕೇಳಬೇಡಿ. ಈ ವಿಷಯದಲ್ಲಿ ಎಲ್ಲ ಪಕ್ಷಗಳದ್ದೂ ಒಂದೇ ಪಂಕ್ತಿ. ಮದ್ಯದ ಸಗಟು ವ್ಯಾಪಾರಕ್ಕೆಂದೇ 2003ರಲ್ಲಿ ಸರ್ಕಾರ ತನ್ನದೇ ನಿಗಮವನ್ನು ಸ್ಥಾಪಿಸಿತು. 2025-26ನೇ ಸಾಲಿನ ಆಯವ್ಯಯದಲ್ಲಿ ಅಬಕಾರಿಯಿಂದ ನಿರೀಕ್ಷಿಸಿದ ವರಮಾನ 40,000 ಕೋಟಿ ರೂಪಾಯಿ. ಆ ಆಯವ್ಯಯದ ಒಟ್ಟು ಗಾತ್ರ ಸುಮಾರು 4.09 ಲಕ್ಷ ಕೋಟಿ. ಅಂದರೆ ಹತ್ತು ರೂಪಾಯಿಯಲ್ಲಿ ಹತ್ತಿರ ಹತ್ತಿರ ಒಂದು ರೂಪಾಯಿ ಮದ್ಯದಿಂದ ಬರಬೇಕೆಂದು ರಾಜ್ಯ ಲೆಕ್ಕ ಹಾಕಿತ್ತು. ಈ ಲೆಕ್ಕಾಚಾರಕ್ಕೆ ‘ಗುರಿ’ ಎಂಬ ಹೆಸರು. ಜನ ಕಡಿಮೆ ಕುಡಿದರೆ ಗುರಿ ತಪ್ಪುತ್ತದೆ! ತನ್ನ ಪ್ರಜೆಗಳು ಸಂಯಮಿಗಳಾದರೆ ಸೋಲುವ ಖಜಾನೆಯನ್ನು ಕಟ್ಟಿಕೊಂಡ ಯಾವ ಸರ್ಕಾರ ತಾನೇ ಮನಸ್ಸಿಟ್ಟು ಕುಡಿತ ಬಿಡಿಸೀತು?

2023ರ ಜುಲೈನಲ್ಲಿ ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇಕಡ 20ರಷ್ಟು ಏರಿಸಲಾಯಿತು. ಅದರ ಮುಂದಿನ ತಿಂಗಳೇ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ನೀಡುವ ಗೃಹಲಕ್ಷ್ಮಿ ಯೋಜನೆ ಆರಂಭವಾಯಿತು. ಆ ಯೋಜನೆಯನ್ನು ನಾನು ಹಳಿಯಲಾರೆ. ಎಷ್ಟೋ ಮನೆಗಳ ಒಲೆ ಅದರಿಂದ ಉರಿದಿದೆ. ಆದರೆ ಹೆಂಡತಿಯ ಕೈಗೆ ಕೊಟ್ಟಿದ್ದನ್ನು ಗಂಡನ ಕೈಯಿಂದ ಹಿಂದಕ್ಕೆ ಪಡೆಯುವುದು ಯಾವ ಬಗೆಯ ದಾನ? ಬೆಲೆ ಏರಿಸಿದರೆ ಜನ ಕಡಿಮೆ ಕುಡಿಯುತ್ತಾರೆ ಎಂಬ ವಾದವಿದೆ. ಹೊಸದಾಗಿ ಕುಡಿಯಲು ಹೊರಟ ಯುವಕನ ಮಟ್ಟಿಗೆ ಅದರಲ್ಲಿ ಸತ್ಯವೂ ಇದೆ. ಆದರೆ ಚಟಕ್ಕೆ ಸಿಕ್ಕಿದವನು ಮಗಳ ಶಾಲೆಯ ಶುಲ್ಕವನ್ನು ಕಡಿಮೆ ಮಾಡುತ್ತಾನೆ, ಗುಟುಕನ್ನು ಕಡಿಮೆ ಮಾಡುವುದಿಲ್ಲ. ಹೆಚ್ಚಿನ ಸುಂಕ ಅವನ ಚಿಕಿತ್ಸೆಗೆ ಮರಳಿ ಬಂದಿದ್ದರೆ ಆ ವಾದಕ್ಕೆ ಮಾನ ಇರುತ್ತಿತ್ತು. ಬರುತ್ತಿದೆಯೇ? ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಸುಮಾರು 5.7 ಕೋಟಿ ಜನರಿಗೆ ನೆರವಿನ ಅಗತ್ಯವಿದೆ. ಮದ್ಯವ್ಯಸನಕ್ಕೆ ಸಿಕ್ಕಿದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಉಳಿದ 37 ಜನರ ಸುಂಕವನ್ನು ಎಣಿಸಿಕೊಳ್ಳಲಾಗಿದೆ, ಅವರನ್ನು ಮಾತ್ರ ಎಣಿಸಿಲ್ಲ.

ಹಾಗಾದರೆ ಪೂರ್ಣ ಪಾನನಿಷೇಧವೇ ಪರಿಹಾರವೇ ಎಂದು ಕೇಳುತ್ತೀರಿ. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದುಬಂದು ಅದನ್ನೇ ಕೇಳಿದರು. ಅವರ ಒಡೆದ ಪಾದಗಳ ಮುಂದೆ ನಾನು ತಲೆಬಾಗುತ್ತೇನೆ. ಆದರೂ 2016ರಲ್ಲಿ ಪೂರ್ಣ ನಿಷೇಧ ತಂದ ಬಿಹಾರದ ಸಾರಣ್ ಜಿಲ್ಲೆಯಲ್ಲಿ 2022ರ ಡಿಸೆಂಬರಿನಲ್ಲಿ ವಿಷಮದ್ಯದಿಂದ ಹತ್ತಾರು ಬಡವರು ಸತ್ತುದನ್ನು ಮರೆಯುವಂತಿಲ್ಲ. ಅಂಗಡಿಯ ಬಾಗಿಲು ಮುಚ್ಚಿದರಷ್ಟೇ ಸಾಲದು, ಅಂಗಡಿಗೆ ಹೋಗುವಂತೆ ಮಾಡುವ ಕಾರಣಗಳ ಬಾಗಿಲನ್ನೂ ಮುಚ್ಚಬೇಕು. ದುಡಿಮೆಗೆ ಭದ್ರತೆ, ಬೆನ್ನುನೋವಿಗೆ ವೈದ್ಯ, ಮಲಗಲು ಸೂರು, ವ್ಯಸನಕ್ಕೆ ಚಿಕಿತ್ಸೆ ಇವು ಮೊದಲು ಬರಲಿ. ಕೂಲಿಕಾರರ ಓಣಿಗಳಲ್ಲಿ ಮದ್ಯದಂಗಡಿಗಳ ಸಂಖ್ಯೆ ವರ್ಷವರ್ಷಕ್ಕೆ ಇಳಿಯಲಿ. ಅಬಕಾರಿಯ ‘ಗುರಿ’ ಎಂಬ ಮಾತು ಆಯವ್ಯಯದಿಂದಲೇ ಅಳಿಯಲಿ.

ಇಲ್ಲಿ ಕೆಲವರು ಕೇಳಬಹುದು: “ಸ್ವಾಮಿ, ಎಲ್ಲ ತಪ್ಪೂ ಸಮಾಜದ್ದೇ ಆದರೆ ಕುಡಿಯುವವನಿಗೆ ಜವಾಬ್ದಾರಿಯೇ ಇಲ್ಲವೇ? ಅದೇ ಕಲಾಸಿಪಾಳ್ಯದಲ್ಲಿ ಅದೇ ಮೂಟೆ ಹೊತ್ತು ಕುಡಿಯದೆ ಬದುಕುವವರಿಲ್ಲವೇ?” ಇದ್ದಾರೆ, ಅವರು ನಮ್ಮ ಕಾಲದ ಸಂತರು. ಧರ್ಮಸಭೆ ಮಿತಾಚಾರವನ್ನು ಸದ್ಗುಣವೆಂದೂ ಮದ್ಯದ ಅತಿಸೇವನೆಯನ್ನು ತ್ಯಜಿಸಬೇಕಾದ ದೋಷವೆಂದೂ ಸ್ಪಷ್ಟವಾಗಿ ಬೋಧಿಸುತ್ತದೆ. ಅದೇ ಧರ್ಮಸಭೆ, ಅಭ್ಯಾಸದ ಬಲ, ಭಯ, ಒತ್ತಡಗಳು ಮನುಷ್ಯನ ಹೊಣೆಗಾರಿಕೆಯನ್ನು ಕುಗ್ಗಿಸಬಲ್ಲವು ಎಂದೂ ಬೋಧಿಸುತ್ತದೆ. ಮೊದಲ ಬೋಧನೆಯನ್ನು ಬಡವನಿಗೂ ಎರಡನೆಯದನ್ನು ನಮ್ಮ ಮನೆಯವರಿಗೂ ಅನ್ವಯಿಸುವ ಜಾಣತನ ನಮಗೆ ಬೇಡ. ಕುಡಿಯುವವನು ತನ್ನ ಪಾಲಿನ ಲೆಕ್ಕವನ್ನು ದೇವರಿಗೆ ಒಪ್ಪಿಸಲಿ. ಕುಡಿಸುವವರ ಪಾಲು? ನೆರೆಯವನಿಗೆ ಕುಡಿಸಿ ಅವನ ಮಾನ ತೆಗೆಯುವವನಿಗೆ ಪ್ರವಾದಿ ಹಬಕ್ಕೂಕನು ಸಾರಿದ ಧಿಕ್ಕಾರವನ್ನು ಬೈಬಲ್ ತೆರೆದು ಎರಡನೆಯ ಅಧ್ಯಾಯದಲ್ಲಿ ಓದಿಕೊಳ್ಳಿ. ಬಡ ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಯಜಮಾನನು ಇಳಿಹೊತ್ತಿನಲ್ಲೂ ಸಂತೆಬೀದಿಯಲ್ಲಿ ಸುಮ್ಮನೆ ನಿಂತಿದ್ದವರನ್ನು ಕಂಡು ಸೋಮಾರಿಗಳೆಂದು ಜರೆಯಲಿಲ್ಲ. ಏಕೆ ನಿಂತಿರುವಿರೆಂದು ವಿಚಾರಿಸಿದ, ಕೆಲಸ ಕೊಟ್ಟ, ಪೂರ್ಣ ಕೂಲಿಯನ್ನೂ ಕೊಟ್ಟ.

ಇನ್ನು ನಮ್ಮ ಮನೆಗಳ ಮಾತು. ಕುಸಿತ ಮಾತ್ರವಲ್ಲ, ದಿಢೀರನೆ ಬಂದ ಸಿರಿಯೂ ಜನರನ್ನು ಕುಡಿಸುತ್ತದೆ. ಬೆಂಗಳೂರಿಗೆ ‘ಪಬ್‌ಗಳ ನಗರ’ ಎಂಬ ಹೆಸರು ಬಂದದ್ದು ಬಡವರಿಂದಲ್ಲ. ರಾತ್ರಿಪಾಳಿ, ಸಾಲದ ಕಂತು, ಕೆಲಸ ಹೋಗುವ ಭಯ ಇವು ಗಾಜಿನ ಕಟ್ಟಡಗಳಲ್ಲೂ ಇವೆ. ಕಲಾಸಿಪಾಳ್ಯದವನು ರಸ್ತೆಯಲ್ಲಿ ಬಿದ್ದರೆ ಕುಡುಕ, ನಮ್ಮವನು ಕಾರಿನಲ್ಲಿ ಬಂದು ಹಾಸಿಗೆಯಲ್ಲಿ ಬಿದ್ದರೆ ಸೋಷಿಯಲ್ ಡ್ರಿಂಕರ್! ದೀಕ್ಷಾಸ್ನಾನದ ಔತಣಕ್ಕೆ ಸೀಸೆ, ಮೊದಲ ಪರಮಪ್ರಸಾದಕ್ಕೆ ಸೀಸೆ, ಮದುವೆಗೆ ಸೀಸೆ, ಕೆಲವು ಕಡೆ ಸಮಾಧಿಯಿಂದ ಮರಳಿದ ಮೇಲೆಯೂ ಸೀಸೆ. ಕಾನಾ ಊರಿನ ಮದುವೆಯಲ್ಲಿ ಪ್ರಭು ನೀರನ್ನು ದ್ರಾಕ್ಷಾರಸವಾಗಿಸಲಿಲ್ಲವೇ ಎಂದು ಕೇಳುವವರೂ ಇದ್ದಾರೆ. ಪ್ರಭು ಮಾಡಿದ್ದು ಬಡ ಮನೆಯೊಂದರ ಮಾನ ಉಳಿಸುವ ಕಾರ್ಯ. ನಮ್ಮ ಔತಣಗಳು ಬಡ ಮನೆಗಳನ್ನು ಸಾಲಕ್ಕೆ ದೂಡುತ್ತಿವೆ. “ಅವರ ಮನೆಯಲ್ಲಿ ಕೊಟ್ಟರು, ನಾವು ಕೊಡದಿದ್ದರೆ ಹೇಗೆ?” ಎಂಬ ಒಂದು ಮಾತು ಸಾಕು, ಆಟೋ ಓಡಿಸುವ ತಂದೆ ಮೂರು ವರ್ಷ ಬಡ್ಡಿ ಕಟ್ಟಲು.

ಐರ್ಲೆಂಡಿನ ಕಪೂಚಿನ್ ಗುರು ತಿಯೋಬಾಲ್ಡ್ ಮ್ಯಾಥ್ಯೂ ಅವರು 1838ರಲ್ಲಿ ಪಾನತ್ಯಾಗದ ಚಳವಳಿಯನ್ನು ಮುನ್ನಡೆಸಲು ಒಪ್ಪಿಕೊಂಡರು. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಜನ ಅವರ ಮುಂದೆ ಪ್ರತಿಜ್ಞೆ ಮಾಡಿದರು. ಆದರೆ 1845ರಿಂದ ಬಂದ ಘೋರ ಕ್ಷಾಮ ಮತ್ತು ವಲಸೆಯಲ್ಲಿ ಆ ಚಳವಳಿ ಕುಸಿಯಿತು. ಹಸಿವಿನ ಮುಂದೆ ಪ್ರತಿಜ್ಞೆಯೊಂದೇ ನಿಲ್ಲಲಾರದು. ಅದನ್ನು ಹಿಡಿದೆತ್ತುವ ಸಮುದಾಯ ಬೇಕು. ಇದಕ್ಕೆ ಪೂರಕವಾಗಿ ಡಬ್ಲಿನ್ನಿನ ಕೂಲಿಕಾರ ಮ್ಯಾಟ್ ಟಾಲ್ಬಟ್ ನೆನಪಾಗುತ್ತಾನೆ. ಹನ್ನೆರಡರ ವಯಸ್ಸಿನಲ್ಲೇ ಕುಡಿತಕ್ಕೆ ಬಿದ್ದವನು. 1884ರಲ್ಲಿ, ಕೈಯಲ್ಲಿ ಕಾಸಿಲ್ಲದೆ, ಗೆಳೆಯರು ಯಾರಾದರೂ ಕರೆದಾರೆಂದು ಕುಡಿತದ ಅಂಗಡಿಯ ಬಳಿ ನಿಂತ, ಯಾರೂ ಕರೆಯಲಿಲ್ಲ. ಮನೆಗೆ ಹೋಗಿ, ತಾಯಿಗೆ ತಿಳಿಸಿ, ಗುರುವೊಬ್ಬರ ಮುಂದೆ ಮೊದಲು ಮೂರು ತಿಂಗಳಿಗೆಂದು ಪ್ರತಿಜ್ಞೆ ಮಾಡಿದ. ಅದು ಬದುಕಿನುದ್ದಕ್ಕೂ ಮುಂದುವರಿಯಿತು. ಮರದ ಅಂಗಳಗಳಲ್ಲಿ ದುಡಿಯುತ್ತ, ದಿನವೂ ಬಲಿಪೂಜೆಗೆ ಹೋಗುತ್ತ, ಹಳೆಯ ಸಾಲಗಳನ್ನು ತೀರಿಸುತ್ತ ಬಾಳಿ, 1925ರಲ್ಲಿ ಪೂಜೆಗೆ ಹೋಗುವ ದಾರಿಯಲ್ಲೇ ಕುಸಿದು ಪ್ರಾಣಬಿಟ್ಟ. 1975ರಲ್ಲಿ ಜಗದ್ಗುರು ಆರನೆಯ ಪೌಲರು ಅವನನ್ನು ಪೂಜ್ಯನೆಂದು ಘೋಷಿಸಿದರು. ಕಲಾಸಿಪಾಳ್ಯದ ಕೂಲಿಕಾರನಿಗೆ ಸ್ವರ್ಗದಲ್ಲಿ ಅವನದೇ ಕಸುಬಿನ ಒಬ್ಬ ಅಣ್ಣನಿದ್ದಾನೆ.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದಾಗಿ, ವ್ಯಸನಿಯ ಮನೆಯವರು ತಿಳಿದಿರಬೇಕಾದ ವಿಷಯ: ಬಹುಕಾಲ ವಿಪರೀತ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಕೈನಡುಕ, ನಿದ್ರಾಹೀನತೆ, ಫಿಟ್ಸ್, ಭ್ರಮೆ ಕಾಣಿಸಿಕೊಳ್ಳಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಆದ್ದರಿಂದ ಕೋಣೆಯಲ್ಲಿ ಕೂಡಿಹಾಕಬೇಡಿ, ಊಟದಲ್ಲಿ ಗುಟ್ಟಾಗಿ ಪುಡಿ ಬೆರೆಸಬೇಡಿ. ವೈದ್ಯರಲ್ಲಿಗೆ, ನಿಮ್ಹಾನ್ಸ್‌ನಂಥ ಆಸ್ಪತ್ರೆಗೆ ಕರೆದೊಯ್ಯಿರಿ. ಎರಡನೆಯದಾಗಿ, ಪ್ರತಿ ಧರ್ಮಕೇಂದ್ರದಲ್ಲಿ ಒಂದು ಕೋಣೆಯಾದರೂ ವಾರಕ್ಕೊಂದು ಸಂಜೆ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಕ್ಕೆ ತೆರೆದಿರಲಿ. ವ್ಯಸನಿಗಳ ಮನೆಯವರಿಗೂ ಕೂಟ ನಡೆಯಲಿ. ಮೂರನೆಯದಾಗಿ, ನಿಮ್ಮಲ್ಲಿ ಅಂಗಡಿ, ಗೋದಾಮು, ವರ್ಕ್‌ಶಾಪ್ ನಡೆಸುವವರಿದ್ದೀರಿ. ಕೂಲಿಯನ್ನು ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕೊಡಿ. ಕೂಲಿಯ ಬದಲು ಸೀಸೆ ಕೊಡಿಸುವ ಪದ್ಧತಿಯನ್ನು ನಿಲ್ಲಿಸಿ. ಕೆಲಸದವರಿಗೆ ಇ-ಶ್ರಮ್ ನೋಂದಣಿ ಮಾಡಿಸಿಕೊಡಿ. ನಾಲ್ಕನೆಯದಾಗಿ, ಸಂಸ್ಕಾರಗಳ ಔತಣದಲ್ಲಿ ಮದ್ಯ ಬೇಡವೆಂದು ಕಿರು ಕ್ರೈಸ್ತ ಸಮುದಾಯಗಳು ಒಟ್ಟಾಗಿ ನಿರ್ಧರಿಸಲಿ, ಉಳ್ಳವರು ಮೊದಲು ಆರಂಭಿಸಲಿ. ಉಳ್ಳವರು ನಿಲ್ಲಿಸಿದರೆ ಇಲ್ಲದವರಿಗೆ ಬಿಡುಗಡೆ.

ಕೊನೆಯದಾಗಿ, ನಿಮ್ಮ ಬಳಿ ಮತ ಕೇಳಲು ಬರುವ ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ ಹಾಕಿ: ನಮ್ಮ ಓಣಿಯಲ್ಲಿ ಮದ್ಯದಂಗಡಿ ಎಷ್ಟಿವೆ, ವ್ಯಸನಮುಕ್ತಿ ಕೇಂದ್ರ ಎಷ್ಟಿವೆ? ಅವರು ಉತ್ತರ ಕೊಡುವವರೆಗೆ ಕೇಳುತ್ತಲೇ ಇರಿ. ಮುಂದಿನ ಬಾರಿ ಕಲಾಸಿಪಾಳ್ಯದ ಬೀದಿಯಲ್ಲಿ ಬಿದ್ದವನನ್ನು ಕಂಡಾಗ ದಾಟಿಹೋಗುವ ಮುನ್ನ ಜೆರಿಕೋ ದಾರಿಯ ಸಮಾರಿಯನನ್ನು ನೆನೆಯಿರಿ. ಗಾಯಗೊಂಡವನು ಕುಡಿದಿದ್ದನೇ ಎಂದು ಅವನು ಮೂಸಿ ನೋಡಲಿಲ್ಲ.